ಒಣ ಬಂಗುಡೆ ಮತ್ತು ಫಹಾಹೀಲ್ ಸದಸ್ಯರ ಅಮಾನತು

ಬರ್ನಾರ್ಡ್ ಸಂಸದರಾಗಿರುತ್ತಿದ್ದದ್ದು ಚಳಿಗಾಲದ ಕೆಲವು ಶುಕ್ರವಾರಗಳಲ್ಲಿ ಮಾತ್ರ. ಉಳಿದ ದಿನ ಅವರು ಕೊಲ್ಲಿ ದೇಶದ ಫಹಾಹೀಲ್‌ನ ಗುತ್ತಿಗೆ ಕಂಪನಿಯೊಂದರ ಸ್ಟೋರ್‌ಕೀಪರ್. ಕರಾವಳಿಯವರ ಸಂಘ ಪ್ರತಿವರ್ಷ ಖೈತಾನ್‌ನ ಶಾಲೆಯೊಂದರ ಸಭಾಂಗಣದಲ್ಲಿ ಅಣಕು ಸಂಸತ್ತು ನಡೆಸುತ್ತಿತ್ತು. ಯಾರು ಯಾವ ಬಡಾವಣೆಯಲ್ಲಿ ವಾಸವೋ ಅವರು ಆ ಕ್ಷೇತ್ರದ ಸದಸ್ಯರು. ಬರ್ನಾರ್ಡ್ ಫಹಾಹೀಲ್ ಸದಸ್ಯರು ಮತ್ತು ಶುರುವಿನಿಂದಲೂ ವಿರೋಧ ಪಕ್ಷದ ನಾಯಕರು. ಸ್ಟೋರಿನಲ್ಲಿ ಗಟ್ಟಿಯಾಗಿ ಮಾತಾಡಿದವರೇ ಅಲ್ಲ; ಸದನದಲ್ಲಿ ಮಾತ್ರ ಅವರಿಗೆ ಮೈಕು ಬೇಕಾಗುತ್ತಿರಲಿಲ್ಲ.

ಗಲಾಟೆ ಆದದ್ದು ೨೦೦೯ರ ಚಳಿಗಾಲದಲ್ಲಿ, ಒಣಮೀನಿನಿಂದ.

ಸಭಾಧ್ಯಕ್ಷರು ಸುಕುಮಾರ. ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್, ಮನೆ ಬರ್ನಾರ್ಡ್ ಅವರ ಫ್ಲ್ಯಾಟಿನ ಸರಿಯಾಗಿ ಮೇಲೆ. ಬರ್ನಾರ್ಡ್ ಅವರ ಹೆಂಡತಿ ಒಲಿಂಡಾ ಕೆಳಗೆ ಒಣ ಬಂಗುಡೆ ಸುಟ್ಟರೆ ಅದರ ವಾಸನೆ ಎ.ಸಿ. ಕೊಳವೆ ಹತ್ತಿ ಸುಕುಮಾರರ ಇಸ್ತ್ರಿ ಮಾಡಿದ ಅಂಗಿಗಳ ಮೇಲೆ ಕೂರುತ್ತಿತ್ತು. ಆ ವರ್ಷ ಆಡಳಿತ ಪಕ್ಷ ‘ಸೆಂಟ್ರಲ್ ಎ.ಸಿ. ಕಟ್ಟಡಗಳಲ್ಲಿ ಒಣಮೀನು ನಿಷೇಧ ಮಸೂದೆ’ ತಂದದ್ದರ ಹಿಂದೆ ಯಾರ ಮೂಗಿತ್ತು ಎಂಬುದು ಇಡೀ ಸದನಕ್ಕೆ ಗೊತ್ತಿತ್ತು.

ಮಸೂದೆ ಮಂಡನೆಯಾದ ದಿನ ಬರ್ನಾರ್ಡ್ ಸೀದಾ ಪೀಠದ ಮುಂದೆ ಹೋಗಿ ಟಿಫಿನ್ ಡಬ್ಬಿ ತೆರೆದು, ಸುಟ್ಟ ಬಂಗುಡೆಯೊಂದನ್ನು ಸುಕುಮಾರರ ಫೈಲಿನ ಮೇಲಿಟ್ಟರು.

“ಮಾನ್ಯ ಸಭಾಧ್ಯಕ್ಷರೇ, ಇದು ವಾಸನೆಯಾ, ಪರಿಮಳವಾ? ಮೂಸಿ ಹೇಳಿ.”

“ಎಂತ ಇದು ಬರ್ನಾರ್ಡಣ್ಣ! ತೆಗೀರಿ ಮಾರಾಯ್ರೇ, ಎಣ್ಣೆ ಹತ್ತಿತು!”

“ಮೊದಲು ಮೂಸಿ!”

ಸುಕುಮಾರ ಗಂಟೆ ಬಾರಿಸಿದರು. “ಫಹಾಹೀಲ್ ಸದಸ್ಯರು ಒಂದು ವರ್ಷ ಅಮಾನತು. ಖಲಾಸ್!”

ಸಭಾಂಗಣ ಹೊಟ್ಟೆ ಹಿಡಿದು ನಕ್ಕಿತು. ಬರ್ನಾರ್ಡ್ ಮಾತ್ರ ಡಬ್ಬಿ ಮುಚ್ಚಿಕೊಂಡು ಹೊರಗೆ ಬಂದರು. ಏಪ್ರಿಲ್‌ನಲ್ಲಿ ಅವರ ಇಕಾಮಾ, ಎಂದರೆ ಅಲ್ಲಿ ವಾಸಿಸುವ ಪರವಾನಗಿ, ಮುಗಿಯುತ್ತಿತ್ತು. ಈ ಸಲ ಕಂಪನಿ ಅದನ್ನು ಮುಂದುವರಿಸುವುದಿಲ್ಲ. ಗಂಡ ಹೆಂಡತಿ ಊರಿಗೆ ಹೋದರೆ ಮತ್ತೆ ಬರುವುದಿಲ್ಲ. ಬಾಕಿ ಇದ್ದದ್ದು ಒಂದೇ ಅಧಿವೇಶನ, ಫೆಬ್ರವರಿಯದು. ಮಸೂದೆ ಮತಕ್ಕೆ ಬರುವುದು ಅದರಲ್ಲೇ. ಬೇರೆಯವರಿಗೆ ಒಂದು ವರ್ಷ ಎಂದರೆ ಒಂದು ವರ್ಷ. ಅವರಿಗೆ ಅದು ಕೊನೆಯೇ.

“ನಾಟಕದಲ್ಲಿ ಬೈದದ್ದಕ್ಕೆ ಮನೆಯಲ್ಲಿ ಮುಖ ಊದಿಸಿ ಕೂತರೆ ಎಂತ ಹೇಳುವುದು?” ಎಂದರು ಒಲಿಂಡಾ.

“ನಾನು ಕೋರ್ಟಿಗೆ ಹೋಗ್ತೇನೆ.”

“ಯಾವ ಕೋರ್ಟು?”

ಅದೇ ಪ್ರಶ್ನೆಯಾಗಿತ್ತು. ಸಂಘಕ್ಕೆ ಸಂಸತ್ತಿತ್ತು, ನ್ಯಾಯಾಲಯ ಇರಲಿಲ್ಲ. ಆದರೆ ರಂಗೋಲಿ ಇರಲಿ, ಛದ್ಮವೇಷ ಇರಲಿ, ಸ್ಪರ್ಧೆ ಎಂದರೆ ತೀರ್ಪುಗಾರರಾಗಿ ಕರೆಸುತ್ತಿದ್ದದ್ದು ಸಾಲ್ಮಿಯಾದ ರಾಜಗೋಪಾಲ ಅವರನ್ನೇ. ಮೈಸೂರಿನವರು, ಬ್ಯಾಂಕ್ ಅಧಿಕಾರಿ, ಕರಾವಳಿಯ ಯಾವ ಗುಂಪಿಗೂ ಸೇರದವರು. ಅವರು ಕೊಟ್ಟ ತೀರ್ಪಿನ ಮೇಲೆ ಜಗಳ ಎದ್ದದ್ದಿಲ್ಲ. ಬರ್ನಾರ್ಡ್ ರಾಜಗೋಪಾಲರಿಗೆ ಫೋನು ಮಾಡಿದರು.

“ಸರ್, ನೀವು ಸುಪ್ರೀಂ ಕೋರ್ಟು ಆಗಬೇಕಿತ್ತು.”

“ನಾನು ಪಕ್ಕಾ ಸಸ್ಯಾಹಾರಿ ಬರ್ನಾರ್ಡ್ ಅವರೇ. ಮೀನಿನ ಕೇಸು ನನಗ್ಯಾಕೆ?”

“ಅದಕ್ಕೇ ಸರ್. ನಿಮಗೆ ಅದರಲ್ಲಿ ಆಸೆ ಇಲ್ಲ.”

ಮುಂದಿನ ಶುಕ್ರವಾರ ಸಾಲ್ಮಿಯಾದ ಡ್ರಾಯಿಂಗ್ ರೂಮಿನಲ್ಲಿ ನ್ಯಾಯಾಲಯ ಸೇರಿತು. ರಾಜಗೋಪಾಲ ಕರಿ ಕೋಟು ಹಾಕಿಕೊಂಡಿದ್ದರು, ಕೆಳಗೆ ಪಂಚೆ. ಅವರ ಹೆಂಡತಿ ಸರೋಜಮ್ಮ ಉಪ್ಪಿಟ್ಟು ಕೊಟ್ಟು, ಡಬ್ಬಿ ಏನಾದರೂ ತಂದಿದ್ದರೆ ಬಾಗಿಲಾಚೆ ಇಡಬೇಕೆಂದು ಆದೇಶಿಸಿದರು.

“ಸದನದ ಒಳಗಿನ ವಿಷಯ ಕೋರ್ಟು ಕೇಳುವ ಹಾಗಿಲ್ಲ” ಎಂದರು ಸುಕುಮಾರ. “ನನ್ನ ಗಂಟೆ, ನನ್ನ ಸದನ.”

“ಗಂಟೆ ನಿಮ್ಮದು, ಒಪ್ಪಿದೆ” ಎಂದರು ರಾಜಗೋಪಾಲ. “ನೀವು ಹೇಗೆ ಬಾರಿಸಿದಿರಿ ಅಂತ ನಾನು ಕೇಳಲ್ಲ. ಇಲ್ಲದ ಅಧಿಕಾರ ಚಲಾಯಿಸಿದ್ರೆ ಮಾತ್ರ ಕೇಳ್ತೀನಿ. ಅಮಾನತು ಮಾಡೋದು ಯಾತಕ್ಕೆ?”

“ಗಲಾಟೆ ನಿಲ್ಲಿಸಲಿಕ್ಕೆ.”

“ಗಲಾಟೆ ಯಾವಾಗ ನಿಂತಿತು?”

“ಇವರು ಡಬ್ಬಿ ಮುಚ್ಚಿದ ಕೂಡಲೇ.”

“ಮತ್ತೆ ಉಳಿದ ವರ್ಷ ಯಾತಕ್ಕೆ?”

ಸುಕುಮಾರ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕತೊಡಗಿದರು.

ಬರ್ನಾರ್ಡ್ ಎದ್ದು ನಿಂತರು. “ಸರ್, ನನ್ನನ್ನು ಹೊರಗೆ ಹಾಕಿದರೆ ನನಗೆ ಮಾತ್ರ ಶಿಕ್ಷೆ ಅಲ್ಲ. ಫಹಾಹೀಲ್‌ನ ಪರವಾಗಿ ಮಾತಾಡುವವರೇ ಇಲ್ಲ. ಇವರೂ ಫಹಾಹೀಲ್‌ನವರೇ. ಇವರ ಲಿಫ್ಟು ಕೆಟ್ಟರೆ ಸದನದಲ್ಲಿ ಕೇಳುವುದು ಯಾರು?”

“ಅದು ಹೌದು” ಎಂದು ಸುಕುಮಾರ ಬಾಯಿತಪ್ಪಿ ಹೇಳಿಬಿಟ್ಟರು. ಲಿಫ್ಟು ಆಗಲೇ ಕೆಟ್ಟಿತ್ತು.

ತೀರ್ಪು ಚಿಕ್ಕದಾಗಿತ್ತು. ಅಮಾನತು ಆ ದಿನದ ಕಲಾಪಕ್ಕೆ ಮಾತ್ರ, ಮಿಕ್ಕಿದ್ದು ರದ್ದು. ಸದನಕ್ಕೆ ಮೀನು ತಂದರೆ ಅಂದಿನ ಮಟ್ಟಿಗೆ ಹೊರಗೆ ಕಳಿಸಲು ಸಭಾಧ್ಯಕ್ಷರಿಗೆ ಪೂರ್ತಿ ಅಧಿಕಾರವಿದೆ.

ಆ ಕೊನೆಯ ಮಾತನ್ನು ಬರ್ನಾರ್ಡ್ ಮನೆಯವರೆಗೂ ಯೋಚಿಸುತ್ತಾ ಹೋದರು.

ಫೆಬ್ರವರಿಯ ಅಧಿವೇಶನಕ್ಕೆ ಸಂಸಾರ ಸಮೇತ ಜನ ಬಂದಿದ್ದರು. ನ್ಯಾಯಾಲಯ ಎಂಬ ಚೀಟಿ ಅಂಟಿಸಿದ ಕುರ್ಚಿಯಲ್ಲಿ ರಾಜಗೋಪಾಲ ಮುಂದಿನ ಸಾಲಿನಲ್ಲೇ ಕೂತಿದ್ದರು. ಮಸೂದೆಯ ಮೇಲೆ ಬರ್ನಾರ್ಡ್ ಮಾತಾಡಲು ಎದ್ದರು. ತಯಾರು ಮಾಡಿಕೊಂಡ ಭಾಷಣವನ್ನು ಮಡಚಿ ಜೇಬಿಗಿಟ್ಟರು.

“ನಾನು ಇನ್ನು ಬರುವುದಿಲ್ಲ” ಎಂದರು. “ಆದ್ದರಿಂದ ಇವತ್ತು ಸ್ವಲ್ಪ ಜಾಸ್ತಿ ತಂದಿದ್ದೇನೆ.”

ಒಲಿಂಡಾ ಹಿಂದಿನ ಸಾಲಿನಿಂದ ಪಾತ್ರೆಯೊಂದನ್ನು ಎತ್ತಿಕೊಂಡು ಬಂದರು, ಅನ್ನ ಬೇಯಿಸುವ ಪಾತ್ರೆ. ಮುಚ್ಚಳ ತೆಗೆದರೆ ತುಂಬ ಒಣ ಬಂಗುಡೆ, ಮೇಲೆ ಹೆಚ್ಚಿದ ಈರುಳ್ಳಿ, ತೆಂಗಿನೆಣ್ಣೆ.

ಸುಕುಮಾರ ಕಣ್ಣು ಮುಚ್ಚಿ ಉಸಿರೆಳೆದರು. ಆಮೇಲೆ ಗಂಟೆ ಬಾರಿಸಿದರು. “ಫಹಾಹೀಲ್ ಸದಸ್ಯರು ಇವತ್ತಿನ ಮಟ್ಟಿಗೆ ಅಮಾನತು. ಕೋರ್ಟಿನ ಪ್ರಕಾರವೇ. ಯಲ್ಲಾ, ಹೊರಗೆ!”

“ಶುಕ್ರಿಯಾ ಭಾಯಿ” ಎಂದು ಬರ್ನಾರ್ಡ್ ಪಾತ್ರೆ ಎತ್ತಿಕೊಂಡು ಪಡಸಾಲೆಗೆ ನಡೆದರು.

ವಿರೋಧ ಪಕ್ಷ ಪ್ರತಿಭಟಿಸಿ ಸಭಾತ್ಯಾಗ ಮಾಡಿತು. ಅವರನ್ನು ಮನವೊಲಿಸಿ ಕರೆತರುತ್ತೇವೆಂದು ಆಡಳಿತ ಪಕ್ಷವೂ ಎದ್ದು ಹೋಯಿತು. ನೋಡಲು ಬಂದ ಸಂಸಾರಗಳೂ ಪಾತ್ರೆಯ ಹಿಂದೆಯೇ ನಡೆದವು. ಒಬ್ಬರೂ ವಾಪಸು ಬರಲಿಲ್ಲ. ಖಾಲಿ ಬೆಂಚುಗಳನ್ನು ನೋಡಿ ಸುಕುಮಾರ ಕೋರಂ ಇಲ್ಲವೆಂದು ಸದನ ಮುಂದೂಡಿದರು. ಮಸೂದೆ ಮತಕ್ಕೆ ಬರಲೇ ಇಲ್ಲ.

“ಸರ್, ಒಂದು ನಿಮಿಷ, ಏನು ಗಲಾಟೆ ಅಂತ ನೋಡಿ ಬರ್ತೇನೆ” ಎಂದು ರಾಜಗೋಪಾಲರಿಗೆ ಹೇಳಿ ಸುಕುಮಾರ ಅಂಗಿಯ ತೋಳು ಮಡಚುತ್ತಾ ಹೊರಟರು. ಪಡಸಾಲೆಯಲ್ಲಿ ಬರ್ನಾರ್ಡ್ ಬಾಲದ ತುಂಡು ಬಿಟ್ಟು ನಡುಭಾಗವನ್ನೇ ಆರಿಸಿ ಅವರ ತಟ್ಟೆಗೆ ಹಾಕಿದರು.

ಒಳಗೆ ಸುಪ್ರೀಂ ಕೋರ್ಟು ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡು ಒಂಟಿಯಾಗಿ ಕೂತಿತ್ತು.