ತಪ್ಪಿದ ಕೈಗೇ ಮತ್ತೆ ಗಂಟೆಯ ಹಗ್ಗ

ಇನ್ನೂ ಬೆಳಕು ಹರಿದಿಲ್ಲ. ಚರ್ಚಿನ ಗಂಟೆಗೋಪುರದ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ದೊಡ್ಡಮ್ಮ ಪಾರಿವಾಳದ ಹಿಕ್ಕೆ ಗುಡಿಸುತ್ತಿದ್ದಾರೆ. ಬೆಂಚು ಒರೆಸುವುದು, ದೀಪ ಹಾಕುವುದು, ಗಂಟೆ ಬಾರಿಸುವುದು ಎಲ್ಲ ಇವರ ಕೆಲಸ. ಚರ್ಚಿಗೆ ಬರುವ ಮಕ್ಕಳಿಗೆಲ್ಲ ಇವರು ದೊಡ್ಡಮ್ಮ. ಇಂದು ಮುಂಜಾನೆಯ ಪ್ರಾರ್ಥನೆಗೆ ಗಂಟೆ ಬಾರಿಸಲು ಹಗ್ಗ ಹಿಡಿದು ನಿಂತವಳು ಮಾತ್ರ ಹದಿನಾರರ ಹುಡುಗಿ. ಹಿಡಿದಿದ್ದಾಳೆಯೇ ಹೊರತು ಎಳೆಯುತ್ತಿಲ್ಲ.

ಹೇಗೆ ತಾನೇ ಎಳೆದಾಳು! ಕಳೆದ ತಿಂಗಳು ಇದೇ ಕೈ ಬದುಕಿದ್ದವರಿಗೆ ಸಾವಿನ ಗಂಟೆ ಬಾರಿಸಿತ್ತು. ಆ ಗಂಟೆಗೊಂದು ಕಟ್ಟಳೆಯಿದೆ: ಸತ್ತವರ ಮನೆಯವರೇ ಬಂದು ಹೇಳಬೇಕು, ಆಮೇಲಷ್ಟೇ ಹಗ್ಗ ಮುಟ್ಟಬೇಕು. ಯೌವನಸ್ಥರ ಸಂಘದ ಮುಂದಾಳಾಗಿದ್ದ ಹುಡುಗಿಗೆ ಉತ್ಸಾಹ ಹೆಚ್ಚು. ಎದುರು ಬೀದಿಯ ನಿವೃತ್ತ ಟೀಚರ ಮನೆ ಮುಂದೆ ಆಂಬುಲೆನ್ಸ್ ಕಂಡಳು, ಅಳು ಕೇಳಿದಳು, ಓಡಿ ಬಂದು ಬಾರಿಸಿಯೇಬಿಟ್ಟಳು. ಸ್ಟ್ರೆಚರ್ ಮೇಲಿದ್ದ ಟೀಚರು ತಮ್ಮ ಸಾವಿನ ಗಂಟೆಯನ್ನು ತಾವೇ ಕೇಳಿದರು.

ಬೀದಿಯೆಲ್ಲ ಛೀ ಥೂ ಎಂದಿತು. ಚರ್ಚಿನ ಸಭೆಯ ಹಿರಿಯರು ಅವಳನ್ನು ಮುಂದಾಳತನದಿಂದ ಕಿತ್ತುಹಾಕಿದರು. ಹುಡುಗಿ ಚರ್ಚು ಬಿಟ್ಟಳು, ಊಟವನ್ನೂ ಬಿಟ್ಟಳು. ದೊಡ್ಡಮ್ಮ ಸೀದಾ ಅವಳ ಮನೆಗೇ ಹೋದರು.

“ಬೈಲಿಲ್ಲ, ಸಮಾಧಾನಾನೂ ಹೇಳ್ಲಿಲ್ಲ. ಬಾ, ಗಂಟೆ ಬಾರಿಸೋದಿದೆ ಅಂದೆ. ಕೆಡಿಸಿದ ಕೆಲಸಾನೇ ಮತ್ತೆ ಕೈಗೆ ಕೊಡ್ಬೇಕು. ಬೇರೆ ಕೆಲಸ ಕೊಟ್ರೆ ಆ ಭಯ ಒಳಗೇ ಕೂತ್ಬಿಡುತ್ತೆ” ಎನ್ನುತ್ತಾರೆ ದೊಡ್ಡಮ್ಮ.

ಇದು ಅವರ ಹಳೆಯ ಪದ್ಧತಿ. ಪ್ರಾರ್ಥನೆಯ ನಡುವೆ ಮಾತು ಮರೆತು ಓಡಿಹೋದವನಿಗೆ ಮುಂದಿನ ಭಾನುವಾರವೇ ಮತ್ತೆ ಪ್ರಾರ್ಥನೆ ಹೇಳುವ ಅವಕಾಶ ಕೊಡಿಸಿದರು. ಈಗ ಹುಡುಗಿಯ ಜಾಗದಲ್ಲಿ ಸಂಘವನ್ನು ನಡೆಸುತ್ತಿರುವವನು ಅವನೇ. ಹಾಗೆಂದು ಎಲ್ಲರೂ ದಡ ಸೇರಿಲ್ಲ. ಕುಡಿದು ಬಂದು ಹಾಡುವಾಗ ಬಿದ್ದ ಒಬ್ಬ, ಮತ್ತೆ ಹಾಡಲು ನಿಲ್ಲಿಸಿದಾಗಲೂ ಹಾಗೇ ಬಿದ್ದ; ಎದ್ದು ಹೋದವನು ತಿರುಗಿ ಬರಲಿಲ್ಲ. ಅವನು ಕೂರುತ್ತಿದ್ದ ಕೊನೆಯ ಬೆಂಚನ್ನು ದೊಡ್ಡಮ್ಮ ಈಗಲೂ ಮೊದಲು ಒರೆಸುತ್ತಾರೆ. ಕೇಳಿದರೆ “ಅವನ ವಿಷಯ ಬೇಡ ಬಿಡಿ” ಎಂದು ಮುಖ ತಿರುಗಿಸುತ್ತಾರೆ.

ಈ ಸಲ ಹಿರಿಯರು ಖಡಾಖಂಡಿತವಾಗಿ ಹೇಳಿದ್ದಾರೆ: ಇನ್ನೊಂದು ತಪ್ಪಾದರೆ ಹುಡುಗಿಯೂ ಹೊರಗೆ, ದೊಡ್ಡಮ್ಮನೂ ಹೊರಗೆ. ಹೊರಗೆಂದರೆ ಎಲ್ಲಿಗೆ? ದೊಡ್ಡಮ್ಮ ಮಲಗುವುದೇ ಚರ್ಚಿನ ಹಿಂದಿನ ಕೋಣೆಯಲ್ಲಿ. ನನ್ನವರು ಎನ್ನಲು ಯಾರೂ ಇಲ್ಲ.

ಹುಡುಗಿ ಹಗ್ಗ ಎಳೆಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಟೀಚರ ಮಗ. ಅತ್ತು ಕಣ್ಣು ಕೆಂಪಾಗಿದೆ.

“ಅಮ್ಮ ಹೋಗ್ಬಿಟ್ರು ದೊಡ್ಡಮ್ಮ, ಗಂಟೆ...” ಎಂದವನು ಹುಡುಗಿಯನ್ನು ಕಂಡು ಮಾತು ನುಂಗುತ್ತಾನೆ. “ಇವಳಾ?”

“ಇವಳೇ. ನೀನು ಬೇಡ ಅಂದ್ರೆ ನಾನು ಬಾರಿಸ್ತೀನಪ್ಪ.”

ಹುಡುಗಿ ಹಗ್ಗ ಬಿಟ್ಟು ಅವನ ಮುಂದೆ ಬಂದು ನಿಲ್ಲುತ್ತಾಳೆ. ಕೇಳಬಾರದ ಪ್ರಶ್ನೆ, ಆದರೆ ಕೇಳಲೇಬೇಕು.

“ಅಣ್ಣಾ, ಟೀಚರ್ ತೀರ್ಕೊಂಡ್ರಾ?”

ಅವನು ಕಣ್ಣೊರೆಸಿಕೊಳ್ಳುತ್ತಾನೆ. “ಹೌದಮ್ಮ. ಈ ಸಲ ನಿಜ. ಬಾರಿಸು.”

ಗಂಟೆ ಒಮ್ಮೆ ಮೊಳಗುತ್ತದೆ, ನಿಲ್ಲುತ್ತದೆ, ಮತ್ತೆ ಮೊಳಗುತ್ತದೆ. ಹುಡುಗಿ ಅಳುತ್ತಲೇ ಲಯ ತಪ್ಪದಂತೆ ಎಳೆಯುತ್ತಾಳೆ. ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಪೊರಕೆ ಎತ್ತಿಕೊಳ್ಳುತ್ತಾರೆ.

“ನನ್ನ ಸರದಿಗೂ ಇವಳೇ ಬಾರಿಸ್ಲಿ” ಎನ್ನುತ್ತಾರೆ. “ಬಂದು ಹೇಳೋಕೆ ನಂಗೆ ಮನೆಯವ್ರು ಅಂತ ಯಾರಿದ್ದಾರೆ? ಇವಳೇ ಹಿಂದಿನ ಕೋಣೆಗೆ ಬಂದು, ಉಸಿರಿಲ್ಲ ಅಂತ ಚೆನ್ನಾಗಿ ನೋಡ್ಕೊಂಡು ಬಾರಿಸ್ಲಿ.”