ಅಕ್ಕನ ರೈಲು, ಭಾವನ ಟಿಕೆಟ್ಟು

ಐದನೇ ಕ್ಲಾಸಿನ ಮಕ್ಕಳು ತಮ್ಮ ಟೀಚರಿಗೆ, ಅಂದರೆ ನಮ್ಮಕ್ಕನಿಗೆ, ಇಟ್ಟ ಹೆಸರು ಗಾರ್ಡಮ್ಮ. ಅದು ಅವಳಿಗೂ ಗೊತ್ತು, ಒಳಗೊಳಗೇ ಇಷ್ಟ ಕೂಡ. ಪ್ರತಿ ವರ್ಷ ಪರೀಕ್ಷೆಗೆ ಮುಂಚೆ, ಮಕ್ಕಳ ಓದು ಎಲ್ಲಿಗೆ ಬಂತೆಂದು ನೋಡಲು ಅವಳು ಕ್ಲಾಸನ್ನೇ ರೈಲು ಮಾಡುತ್ತಾಳೆ. ಬೆಂಚುಗಳು ಬೋಗಿಗಳು, ಗೋಡೆಯುದ್ದಕ್ಕೂ ಸ್ಟೇಷನ್ ಬೋರ್ಡುಗಳು. ಮೊದಲನೆಯದು ‘ತಪ್ಪಿಲ್ಲದೆ ಓದು’. ಆಮೇಲೆ ‘ಮೊದಲೇನಾಯಿತು, ಆಮೇಲೇನಾಯಿತು’, ‘ಮುಖ್ಯ ಮಾತು ಯಾವುದು’. ಕಟ್ಟಕಡೆಯದು ‘ಬರೆಯದೇ ಇರುವುದನ್ನು ತಿಳಿ’. ಅಲ್ಲಲ್ಲಿನ ಪಾಠ ಓದಿ ಉತ್ತರ ಹೇಳಿದರೆ ಟಿಕೆಟ್ಟಿಗೆ ಒಂದು ತೂತು. ಇಲ್ಲದಿದ್ದರೆ ಅಲ್ಲೇ ಠಿಕಾಣಿ.

ತೂತಿನ ವಿಷಯದಲ್ಲಿ ಅವಳು ಮಹಾ ಜಿಪುಣಿ. ಒಂದು ವರ್ಷ ಹೆಡ್‌ಮಾಸ್ಟರ ಮಗಳೇ ಎರಡನೇ ಸ್ಟೇಷನ್ನಿನಲ್ಲಿ ಸಿಕ್ಕಿಕೊಂಡಳು. “ಒಂದು ತೂತು ತಾನೇ, ಹಾಕಿಬಿಡಿ” ಎಂದು ಅವರೇ ಬಂದು ಗೋಗರೆದರು. “ಹಾಕ್ತೀನಿ ಸಾರ್, ಅವಳು ಓದ್ಲಿ. ಓದಕ್ಕೆ ಬರದೆ ಮುಂದಿನ ಸ್ಟೇಷನ್ನಲ್ಲಿ ಇಳಿದು ಏನ್ ಮಾಡ್ತಾಳೆ ಪಾಪ?” ಎಂದಳಂತೆ. “ನಿಮ್ಮಕ್ಕ ಸತ್ರೂ ಸುಳ್ಳು ತೂತು ಹಾಕಲ್ಲ” ಎಂದು ಭಾವ ಈ ಕಥೆಯನ್ನು ಎಷ್ಟು ಸಲ ಹೇಳಿ ನಕ್ಕಿದ್ದಾರೋ. ಅವರ ಮನೆಯಲ್ಲೇ ಇರುವ ನನಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಭಾವ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವರು. ಹೋದ ವರ್ಷ ಒಂದು ಬೆಳಿಗ್ಗೆ ಪೇಪರ್ ಹಿಡಿದುಕೊಂಡು, “ಇದನ್ಯಾವ ಭಾಷೇಲಿ ಪ್ರಿಂಟ್ ಮಾಡಿದಾರೆ?” ಎಂದು ರೇಗಿದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲು ಉಳಿಯಿತು, ಮಾತು ಉಳಿಯಿತು, ವಿಚಿತ್ರವೆಂದರೆ ಬರವಣಿಗೆಯೂ ಉಳಿಯಿತು. ಓದು ಮಾತ್ರ ಹೋಯಿತು. ತಾವೇ ಬರೆದದ್ದನ್ನು ಸ್ವಲ್ಪ ಹೊತ್ತು ಬಿಟ್ಟು ತೋರಿಸಿದರೆ ಪಿಳಿಪಿಳಿ ನೋಡುತ್ತಿದ್ದರು. ದೇವರೆಂಬವನಿದ್ದರೆ ಅವನಿಗೆ ಕಸುಬು ನೋಡಿ ಹೊಡೆಯುವ ಚಟವಿರಬೇಕು. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು.

ಡಾಕ್ಟರು ಅಕ್ಕನನ್ನೂ ನನ್ನನ್ನೂ ಹೊರಗೆ ಕರೆದು, ಓದು ಇನ್ನು ಬರುವುದಿಲ್ಲ ಎಂದರು. ಒಳಗೆ ಬಂದ ಅಕ್ಕ, “ಅಭ್ಯಾಸ ಮಾಡಿದ್ರೆ ಬರುತ್ತಂತೆ ರೀ” ಎಂದಳು. ಆ ಮುಖ ನೋಡಿ ನಾನೂ ತಲೆಯಾಡಿಸಿದೆ.

ಅಂದಿನಿಂದ ಭಾವನೂ ರೈಲು ಹತ್ತಿದರು. ಸ್ಕೂಲು ಮುಗಿಸಿ ಬಂದ ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಮಕ್ಕಳ ಪಾಠದ ಹಾಳೆ ಹರಡುವಳು. ಭಾವ ಅಕ್ಷರದ ಮೇಲೆ ಬೆರಳಿನಿಂದ ತಿದ್ದಿ ತಿದ್ದಿ ಒಂದೊಂದನ್ನೇ ಹಿಡಿಯುವರು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಜಾರಿಹೋಗಿರುತ್ತಿತ್ತು. ಅವರ ಹಣೆಯ ಬೆವರು ನೋಡಲಾರದೆ ನಾನು ಎದ್ದು ಹೋಗುತ್ತಿದ್ದೆ. “ಇರ್ಲಿ, ನಾಳೆ ತೂತು ಹಾಕುವೆಯಂತೆ” ಎಂದು ಅವರು ಟಿಕೆಟ್ಟನ್ನು ಅಕ್ಕನಿಗೆ ವಾಪಸು ಕೊಡುತ್ತಿದ್ದರು. ಮೊದಲನೇ ಸ್ಟೇಷನ್ ದಾಟಲೇ ಇಲ್ಲ.

ಈ ವರ್ಷದ ಬೋರ್ಡುಗಳನ್ನು ಬರೆದುಕೊಟ್ಟವರೂ ಅವರೇ. ಅಚ್ಚು ಹಾಕಿದಂಥ ಅಕ್ಷರ. ಬಣ್ಣ ಒಣಗಿದ ಮೇಲೆ ಒಂದನ್ನೆತ್ತಿ, “ಇದ್ಯಾವ ಸ್ಟೇಷನ್ನಮ್ಮಾ?” ಎಂದು ನನ್ನನ್ನು ಕೇಳಿದರು.

ಮೊನ್ನೆ ಕ್ಲಾಸಿನ ರೈಲು ಕೊನೆಯ ಸ್ಟೇಷನ್ ಮುಟ್ಟಿತು. ಮಕ್ಕಳಿಗೆ ಹಂಚಿ ಉಳಿದ ಮಿಠಾಯಿಯನ್ನು ಅಕ್ಕ ಮನೆಗೆ ತಂದಳು. ಭಾವ ಒಂದನ್ನು ಬಾಯಿಗೆ ಹಾಕಿಕೊಂಡು, “ಮಕ್ಕಳೆಲ್ಲ ಊರು ಸೇರಿದ್ರು. ನಾನೊಬ್ಬ ಇನ್ನೂ ಪ್ಲಾಟ್‌ಫಾರ್ಮಲ್ಲೇ” ಎಂದರು. ನಗುತ್ತಲೇ ಅಂದದ್ದು. ಅಕ್ಕನಿಗೆ ಮಾತ್ರ ತಡೆಯಲಾಗಲಿಲ್ಲ. ಚೀಲದಿಂದ ತೂತು ಹಾಕುವ ಪಂಚ್ ತೆಗೆದವಳೇ ಅವರ ಟಿಕೆಟ್ಟಿಗೆ ಟಕ್ ಟಕ್ಕೆಂದು ಎಲ್ಲ ಸ್ಟೇಷನ್ನಿನ ತೂತುಗಳನ್ನೂ ಹಾಕಿ ಕೈಗಿಟ್ಟಳು.

“ತಗೊಳ್ಳಿ, ನೀವೂ ಪಾಸು. ಈಗೀಗ ಎಷ್ಟು ಚೆನ್ನಾಗಿ ಓದ್ತೀರಿ!”

ಭಾವ ತೂತುಗಳ ಮೇಲೆ ನಿಧಾನಕ್ಕೆ ಬೆರಳಾಡಿಸಿದರು. ಬಾಯಲ್ಲಿದ್ದ ಮಿಠಾಯಿಯನ್ನು ಅಗಿಯುವುದನ್ನೂ ಬಿಟ್ಟಿದ್ದರು.

“ಬರೋದಿಲ್ಲ ಅಂದ್ರಾ ಡಾಕ್ಟ್ರು?”

ಅಕ್ಕ ಪಂಚನ್ನು ಚೀಲಕ್ಕೆ ತುರುಕತೊಡಗಿದಳು.

“ಬರೋ ಹಾಗಿದ್ದಿದ್ರೆ ನೀನು ಇದನ್ನ ಹಾಕ್ತಿರ್ಲಿಲ್ಲ ಕಣೇ. ನಾನು ಓದೋವರೆಗೂ ಕಾಯ್ತಿದ್ದೆ.”

ಅಕ್ಕ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ಟಿಕೆಟ್ಟು ಕಿತ್ತುಕೊಳ್ಳಲು ಕೈ ಚಾಚಿದಳು. ಭಾವ ಕೊಡಲಿಲ್ಲ.

“ಮಿಕ್ಕಿದ್ದೆಲ್ಲ ಸುಳ್ಳು ತೂತು,” ಎಂದರು. “ಕೊನೇದೊಂದು ಇರ್ಲಿ ಬಿಡು. ಬರೆಯದೇ ಇರೋದನ್ನ ತಿಳ್ಕೊಂಡೆನಲ್ಲ.”