ಕೊಟ್ಟ ಮನೆಯ ಗೇಟಿನಾಚೆ ದೊಡ್ಡಪ್ಪ

ನಮ್ಮ ದೊಡ್ಡಪ್ಪ ತಾವೇ ಕಟ್ಟಿಸಿದ ಮನೆಯ ಗೇಟಿನಾಚೆ ನಿಂತು, ಕಾಂಪೌಂಡಿನ ಮೇಲೆ ತಟ್ಟೆ ಇಟ್ಟುಕೊಂಡು ರೊಟ್ಟಿ ತಿನ್ನುತ್ತಿದ್ದರು. ಪ್ರತಿ ಸೋಮವಾರ ಹರಿಹರದಿಂದ ರೈಲಿನಲ್ಲಿ ದಾವಣಗೆರೆಗೆ ಬಂದು, ಕೆ.ಬಿ. ಬಡಾವಣೆಯ ಆ ಮನೆಯನ್ನು ಹೊರಗಿನಿಂದಲೇ ನೋಡಿ ಹೋಗುವರು. ಅವ್ವ ಒಳಗೆ ಕರೆದರೆ ಒಂದೇ ಮಾತು: "ಬ್ಯಾಡವ್ವಾ. ಕೊಟ್ಟ ಮ್ಯಾಲೆ ಕೊಟ್ಟಂಗಿರಬೇಕು."

ಹತ್ತಿ ವ್ಯಾಪಾರದಲ್ಲೂ ಹಾಗೆಯೇ. ಮಾರಿದ ಹತ್ತಿಮೂಟೆ, ಅಂಡಿಗೆ, ತಮ್ಮ ಅಂಗಡಿಯಲ್ಲೇ ಬಿದ್ದಿದ್ದರೂ ಅದರ ಮೇಲೆ ಕೂರುತ್ತಿರಲಿಲ್ಲ; ಅದು ಕೊಂಡವನ ಸೊತ್ತು.

ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ತಮ್ಮನಾದ ನಮ್ಮಪ್ಪನನ್ನು ಸಾಕಿದವರು ಅವರೇ. ಆಗ ಸತ್ತವರ ಆಸ್ತಿಗೆ ತೆರಿಗೆ ಹಾಕುವ ಕಾಯಿದೆ ಬಂದು, ಪರಿಚಯದ ವ್ಯಾಪಾರಿಯೊಬ್ಬ ಸತ್ತಾಗ ಅವನ ಮಗ ಆ ತೆರಿಗೆ ಕಟ್ಟಲು ಅಂಗಡಿಯನ್ನೇ ಮಾರಿದ. ದೊಡ್ಡಪ್ಪ ನಿದ್ದೆಗೆಟ್ಟರು. ಬದುಕಿರುವಾಗಲೇ ಮನೆಯನ್ನು ಅಪ್ಪನಿಗೆ ದಾನಪತ್ರ ಬರೆದು, ದಾನದ ತೆರಿಗೆಯನ್ನೂ ತಾವೇ ಕಟ್ಟಿದರು. ವಕೀಲರು ಎರಡು ಮಾತು ಹೇಳಿದ್ದರು: ಕೊಟ್ಟವರು ಎರಡು ವರ್ಷ ಬದುಕಿರಬೇಕು, ಮೊದಲಿನಂತೆ ಅಲ್ಲೇ ವಾಸ ಮಾಡಬಾರದು. ತಪ್ಪಿದರೆ, ಸತ್ತಾಗ ಮನೆ ಅವರದೆಂದೇ ತೆರಿಗೆ. ದೊಡ್ಡಪ್ಪ ಮರುದಿನವೇ ಹಾಸಿಗೆ ಸುತ್ತಿಕೊಂಡು ಹರಿಹರದ ಹೊಳೆಯ ಹತ್ತಿರ ಬಾಡಿಗೆ ಕೋಣೆ ಹಿಡಿದರು.

ನಾನು ಕಂಡವರನ್ನೆಲ್ಲ ಅಣಕಿಸುವವನು. ಕಾಲೇಜಿನ ಮೇಷ್ಟರೊಬ್ಬರನ್ನು ಅಣಕಿಸಿ ಹೆಸರು ಗಳಿಸಿದೆ. ಅವರದೇ ವಿಷಯದಲ್ಲಿ ಎರಡು ಸಲ ನಪಾಸಾದೆ. ಒಂದು ಸೋಮವಾರ ಗೇಟಿನ ಬಳಿ ಬೆನ್ನು ಬಗ್ಗಿಸಿ, ದೊಡ್ಡಪ್ಪನಂತೆ ರೊಟ್ಟಿ ಅಗಿದು ಗೆಳೆಯರನ್ನು ನಗಿಸುತ್ತಿದ್ದೆ. ದೊಡ್ಡಪ್ಪ ಹಿಂದೆಯೇ ನಿಂತಿದ್ದರು.

"ಇನ್ನಷ್ಟು ಬಗ್ಗು ಲೇ," ಎಂದರು. "ಹೊರಗ ನಿಂತ್ರ ಬೆನ್ನು ತಾನಾಗೇ ಬಗ್ಗತೈತೆ."

ದೊಡ್ಡಪ್ಪ ಗೇಟಿನೊಳಗೇ ಕಾಲಿಡುವುದಿಲ್ಲ ಎಂದು ಕೇಳಿದ ವಕೀಲರು ಅಪ್ಪನನ್ನು ಕರೆಸಿ, ನೆಂಟರ ಹಾಗೆ ಬಂದು ನಾಲ್ಕು ದಿನ ಇದ್ದರೆ ಏನೂ ತೊಂದರೆಯಿಲ್ಲ ಎಂದರು. ನಾನೂ ಜೊತೆಗಿದ್ದೆ. ದಾರಿಯಲ್ಲಿ ಅಪ್ಪ ಹೇಳಿದರು: "ಅಣ್ಣಗ ಈಗ ಹೇಳಬ್ಯಾಡ. ಬಂದ್ರ ನಾಕು ದಿನಕ್ಕ ಹೋಗ್ತಾನೇನು? ಎರಡು ವರ್ಷ ತುಂಬಾಕ ಇನ್ನ ಆರು ತಿಂಗಳು, ತಡಿ." ನಾನು ಹೂಂ ಎಂದೆ. ದೊಡ್ಡಪ್ಪನ ಕೋಣೆ ಆಗಲೇ ನನ್ನದಾಗಿತ್ತು.

ಚಳಿಗಾಲದಲ್ಲಿ ಹರಿಹರದ ಕೋಣೆಯಲ್ಲಿ ದೊಡ್ಡಪ್ಪನಿಗೆ ಜ್ವರ ಹಿಡಿಯಿತು. ಔಷಧಿ ಒಯ್ದಿದ್ದ ನನ್ನ ಕೈ ಹಿಡಿದು ಕೇಳಿದರು: "ಪಡಸಾಲ್ಯಾಗ ಒಂದು ರಾತ್ರಿ ಮಲಗಿದ್ರ ಸರ್ಕಾರಕ್ಕ ಗೊತ್ತಾಗತೈತೇನಲೇ?"

ಬರ್ರಿ ಎಂದಿದ್ದರೆ ಸಾಕಿತ್ತು. ನಾನು ಕನ್ನಡಕ ಮೂಗಿಗೆ ಇಳಿಸಿದಂತೆ ಮಾಡಿ, ವಕೀಲರ ದನಿಯಲ್ಲಿ, "ಎರಡು ವರ್ಷ, ಯಜಮಾನ್ರೇ," ಎಂದೆ. ದೊಡ್ಡಪ್ಪ ಕೆಮ್ಮು ಬರುವಷ್ಟು ನಕ್ಕರು.

ಮೂರನೆಯ ದಿನ ತೀರಿಕೊಂಡರು. ಎರಡು ವರ್ಷ ತುಂಬಲು ಇನ್ನೂ ನಲವತ್ತು ದಿನ ಬಾಕಿಯಿತ್ತು. ಅಪ್ಪ ಹರಿಹರಕ್ಕೆ ಹೊರಡುವ ಮೊದಲು ವಕೀಲರ ಮನೆಗೆ ಓಡಿದರು: ಹೆಣವನ್ನು ಮನೆಗೆ ತರಬಹುದೇ?

"ತರ್ರಿ," ಎಂದರು ವಕೀಲರು. "ಎರಡು ವರ್ಷ ತುಂಬಲಿಲ್ಲ. ಕಾಯಿದೆ ಪ್ರಕಾರ ಮನಿ ಇನ್ನೂ ಅವರದೇ ಐತೆ."

ಸಂಜೆ ದೊಡ್ಡಪ್ಪನಿಗೆ ವಿಭೂತಿ ಹಚ್ಚಿ ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದೆವು. ಆನೆಕೊಂಡದಿಂದ ಬಂದ ಮುದುಕರೊಬ್ಬರು, "ಪುಣ್ಯವಂತ. ತನ್ನ ಮನೆಯಾಗ ಹೆಂಗ ಕುಂತಾನ ನೋಡ್ರಿ," ಎಂದರು.

ಅಪ್ಪ ಹೌದೆಂದು ತಲೆಯಾಡಿಸಿದರು.